ಉಪ್ಪಿಟ್ಟು ತಿಂದ ಬಸ್ಸು

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ನಾಲ್ಕು ಕಥೆಗಳ ಕಟ್ಟು ಕಳೆದ ವಾರ ಕೈಗೆ ಸಿಕ್ಕಿತು. ಎರಡು ಸಲ ಓದಿದೆ. ಕಥೆಗಳು ಹೇಗಿವೆ ಅನ್ನುವುದನ್ನು ನೀನು ಊರಿಗೆ ಬಂದಾಗ ಕೂತು ಮಾತಾಡೋಣ. ಈ ಕಾಗದ ಬೇರೆ ವಿಷಯಕ್ಕೆ. ಎರಡನೇ ಕಥೆಯ ಮೊದಲ ಪುಟದಲ್ಲೇ ನೀನು ಹೀಗೆ ಬರೆದಿದ್ದೀಯ: "ಅಮ್ಮ ಕಟ್ಟಿಕೊಟ್ಟ ಉಪ್ಪಿಟ್ಟು ತಿಂದು ಬಸ್ಸು ಹೊರಟಿತು."

ನಾನು ಜೋರಾಗಿ ನಕ್ಕೆ. ನಿಮ್ಮತ್ತೆ ಅಡುಗೆಮನೆಯಿಂದ ಬಂದು ಏನಾಯ್ತು ಅಂದಳು. ಓದಿ ಹೇಳಿದೆ. "ಪಾಪ, ಬೆಳಗಿನ ಬಸ್ಸು, ಹಸಿವಾಗಿರುತ್ತೆ" ಅಂತ ಹೇಳಿ ಒಳಗೆ ಹೋದಳು.

ಬೇಜಾರು ಮಾಡಿಕೊಳ್ಳಬೇಡ. ನೀನಾದರೂ ಹಸ್ತಪ್ರತಿಯಲ್ಲಿ ಮಾಡಿದ್ದೀಯ, ನಾನು ಇದೇ ತಪ್ಪನ್ನು ಅಚ್ಚಿನಲ್ಲಿ ಮಾಡಿದವನು. ನನ್ನ ಮೊದಮೊದಲ ಕಥೆಯೊಂದರಲ್ಲಿ, "ಬಸ್ಸಿನಿಂದ ಇಳಿದು ನಾಯಿಯೊಂದು ಅವನನ್ನು ಅಟ್ಟಿಸಿಕೊಂಡು ಬಂತು" ಅಂತ ಬರೆದಿದ್ದೆ. ಹದಿನೈದು ದಿನಕ್ಕೆ ಓದುಗರೊಬ್ಬರ ಕಾರ್ಡು ಬಂತು. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ಒಂದೇ ಸಾಲು: "ನಾಯಿಗೆ ಕಂಡಕ್ಟರು ಹಾಫ್ ಟಿಕೆಟ್ ಹರಿದಿದ್ದನೋ, ಫುಲ್ಲೋ, ದಯವಿಟ್ಟು ತಿಳಿಸಿ." ಆ ಕಾರ್ಡನ್ನು ಯಾರಿಗೂ ತೋರಿಸದೆ ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಾಲ್ಕನೇ ದಿನ ಹೈಸ್ಕೂಲಿನ ವ್ಯಾಕರಣದ ಪುಸ್ತಕ ಹುಡುಕಿ ತೆಗೆದೆ.

ಹೀಗೆ ಮಾನ ಹೋದಮೇಲೆ ವ್ಯಾಕರಣ ಕಲಿತವರಲ್ಲಿ ನಾನು ಮೊದಲಿಗನೇನಲ್ಲ. ಕಥಾಸರಿತ್ಸಾಗರ ಅನ್ನುವ ಹಳೆಯ ಸಂಸ್ಕೃತ ಕಥೆಗಳ ಗ್ರಂಥದಲ್ಲಿ ಶಾತವಾಹನ ರಾಜನ ಕಥೆ ಬರುತ್ತದೆ. ರಾಣಿಯರ ಜೊತೆ ನೀರಾಟ ಆಡುತ್ತಿರುತ್ತಾನೆ. ನೀರೆರಚಿಸಿಕೊಂಡು ಸುಸ್ತಾದ ರಾಣಿಯೊಬ್ಬಳು ಸಂಸ್ಕೃತದಲ್ಲಿ "ಮೋದಕೈಃ" ಹೊಡೆಯಿರಿ ಅನ್ನುತ್ತಾಳೆ. ಅವಳು ಹೇಳಿದ್ದು ಮಾ ಉದಕೈಃ, ಅಂದರೆ ನೀರಿನಿಂದ ಬೇಡ ಅಂತ. ರಾಜ ಸಂಧಿ ಬಿಡಿಸದೆ ತಟ್ಟೆಗಟ್ಟಲೆ ಮೋದಕ ತರಿಸುತ್ತಾನೆ! ರಾಣಿ ನಗುತ್ತಾಳೆ, ಪರಿವಾರವೆಲ್ಲ ನಗುತ್ತದೆ. ರಾಜ ಮಂಕಾಗಿ ಒಳಗೆ ಸೇರಿಕೊಂಡುಬಿಡುತ್ತಾನೆ. ಆಮೇಲೆ ಅವನ ಮಂತ್ರಿ ಗುಣಾಢ್ಯ ಆರು ವರ್ಷದಲ್ಲಿ ವ್ಯಾಕರಣ ಕಲಿಸುತ್ತೇನೆ ಅಂದರೆ, ಇನ್ನೊಬ್ಬ ಮಂತ್ರಿ ಶರ್ವವರ್ಮ ಆರೇ ತಿಂಗಳು ಸಾಕು ಅಂತ ಪಣ ಕಟ್ಟಿ ಗೆಲ್ಲುತ್ತಾನೆ. ಅರಮನೆಯಲ್ಲಿ ನಕ್ಕಿದ್ದಕ್ಕೆ ರಾಜ ಆರು ತಿಂಗಳು ಓದಿದ. ಕಾರ್ಡು ಬಂದದ್ದಕ್ಕೆ ನಾನು ಒಂದು ಬೇಸಿಗೆ ಓದಿದೆ, ಅಷ್ಟೇ.

ಇನ್ನು ನಿನ್ನ ಬಸ್ಸಿಗೆ ಬರೋಣ. ತಿಂದು, ಇಳಿದು, ಬಂದು ಅಂತ ಕ್ರಿಯಾಪದ ಅರ್ಧಕ್ಕೆ ನಿಂತಾಗ ಓದುವವನು ಕಾಯುತ್ತಾನೆ: ಈ ಕೆಲಸ ಮಾಡಿದ್ದು ಯಾರು? ಮುಂದೆ ಮೊದಲು ಯಾರು ಸಿಗುತ್ತಾರೋ ಅವರ ತಲೆಗೆ ಕಟ್ಟುತ್ತಾನೆ. ನಿನ್ನ ವಾಕ್ಯದಲ್ಲಿ ಸಿಕ್ಕಿದ್ದು ಬಸ್ಸು. "ತಿನ್ನುತ್ತಾ" ಕೂಡ ಇದೇ ಜಾತಿ. "ಕಡಲೆಕಾಯಿ ತಿನ್ನುತ್ತಾ ಸ್ಟೇಷನ್ ಬಂತು" ಅಂದರೆ ಸಿಪ್ಪೆ ಬಿಸಾಡಿದ್ದು ಸ್ಟೇಷನ್ನು. ತಿಂದ ಮೇಲೆ, ತಿನ್ನುವಷ್ಟರಲ್ಲಿ, ತಿನ್ನುತ್ತಿದ್ದಾಗ ಅಂತ ಮಾಡಿಬಿಟ್ಟರೆ ಸಾಕು, ತಿಂದವರು ಬೇರೆ, ಹೊರಟವರು ಬೇರೆ ಆಗಬಹುದು.

ಹಾಗಾದರೆ "ಮಳೆ ಬಂದು ಕೆರೆ ತುಂಬಿತು" ತಪ್ಪಾ ಅಂತ ನೀನು ಕೇಳುತ್ತೀಯ, ಗೊತ್ತು. ತಪ್ಪಲ್ಲ. "ಬಿಸಿಲು ಬಿದ್ದು ಹಪ್ಪಳ ಒಣಗಿತು" ಕೂಡ ಸರಿಯೇ. ಅಲ್ಲಿ ಮೊದಲನೆಯದು ಕಾರಣ, ಎರಡನೆಯದು ಅದರ ಫಲ. ಜೊತೆಗೆ ಬಂದದ್ದು ಮಳೆ, ತುಂಬಿದ್ದು ಕೆರೆ ಅಂತ ಎರಡು ಕ್ರಿಯೆಗೂ ಅದರದರ ಕರ್ತೃ ವಾಕ್ಯದಲ್ಲೇ ಕೂತಿದೆ. ತಾನಾಗಿ ಆಗುವ ಸಂಗತಿಗೆ ಕನ್ನಡ ಈ ಸಲಿಗೆ ಕೊಡುತ್ತದೆ. ಉಪ್ಪಿಟ್ಟು ತಾನಾಗಿ ಹೊಟ್ಟೆಗೆ ಹೋಗುವುದಿಲ್ಲ, ಯಾರಾದರೂ ತಿನ್ನಬೇಕು. ಆ ಯಾರು ನಿನ್ನ ವಾಕ್ಯದಲ್ಲಿ ಇಲ್ಲ.

ನಾನು ಕಂಡ ಹಾಗೆ ಕನ್ನಡದಲ್ಲಿ ಜಾಸ್ತಿ ಎಡವಟ್ಟಾಗುವುದು ಪದದ ಬಾಲದಲ್ಲಿ. ಪ್ರತ್ಯಯದಲ್ಲಿ. ಒಂದು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ರಾತ್ರಿ ಪಾಳಿ ಮಾಡಿದವನು ನಾನು. ಒಂದು ರಾತ್ರಿ ಬಂದ ತಲೆಬರಹ: "ಬೀದಿ ನಾಯಿಗಳಿಂದ ಮಕ್ಕಳ ರಕ್ಷಣೆ". ನಾಯಿಗಳು ಕಾಪಾಡಿದವೋ, ನಾಯಿಗಳ ಬಾಯಿಂದ ಕಾಪಾಡಿದರೋ? ವರದಿ ಓದಿದರೆ ಬೀದಿಯ ಹೆಂಗಸರು ಪೊರಕೆ ಹಿಡಿದು ನಾಯಿಗಳನ್ನು ಓಡಿಸಿದ್ದರು. ಪಾಪ, ಆ ಹೆಂಗಸರಿಗೆ ತಲೆಬರಹದಲ್ಲಿ ಜಾಗವೇ ಇರಲಿಲ್ಲ. ಅದೇ ವಾಕ್ಯದಲ್ಲಿ ನಾಯಿಯನ್ನು ತೆಗೆದು ಪೊಲೀಸರನ್ನು ಕೂರಿಸಿ ನೋಡು. ಸುಮ್ನೆ ಬರೆದ ಸಾಲು ಟೀಕೆ ಆಗಿಬಿಡುತ್ತದೆ.

ಇದಕ್ಕೆ ಕಾರಣ ನಿನಗೆ ಶಾಲೆಯಲ್ಲೇ ಸಿಕ್ಕಿತ್ತು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ರಾಗವಾಗಿ ಬಾಯಿಪಾಠ ಮಾಡಿದ್ದೆವಲ್ಲ? ಆ "ದೆಸೆಯಿಂದ" ಯಾಕೆ ಅಲ್ಲಿತ್ತು ಅಂತ ಯಾರೂ ಹೇಳಲಿಲ್ಲ. 13ನೇ ಶತಮಾನದ ಕೇಶಿರಾಜನ ವ್ಯಾಕರಣದಲ್ಲಿ ತೃತೀಯೆಗೆ "ಇಂ", ಪಂಚಮಿಗೆ "ಅತ್ತಣಿಂ" ಅಂತ ಬೇರೆ ಬೇರೆ ಬಾಲಗಳಿವೆ. ಕತ್ತಿಯಿಂದ ಕಡಿದ ಅನ್ನುವುದಕ್ಕೆ ಒಂದು, ಮರದಿಂದ ಬಿದ್ದ ಅನ್ನುವುದಕ್ಕೆ ಇನ್ನೊಂದು. ಈಗ ಎರಡಕ್ಕೂ ಒಂದೇ "ಇಂದ". ದೆಸೆಯಿಂದ ಅಂತ ಯಾರೂ ಮಾತಾಡುವುದಿಲ್ಲ, ನೀನೂ ಬರೆಯಬೇಡ. ಆದರೆ ರಕ್ಷಣೆ, ಬಿಡುಗಡೆ, ಮುಕ್ತಿ, ಪಾರು ಇಂಥ ಪದಗಳ ಹಿಂದೆ "ಇಂದ" ಬಂದಾಗ ಒಂದು ಕ್ಷಣ ನಿಂತು ನೋಡು.

ಅನ್ನು ಪ್ರತ್ಯಯದ ಕಥೆ ಇನ್ನೂ ಚೆಂದ. "ಪುಸ್ತಕ ಓದಿದೆ", "ಕಾಫಿ ಕುಡಿದೆ" ಅಂತ ನಾವು ಅನ್ನು ಬಿಟ್ಟೇ ಮಾತಾಡುತ್ತೇವೆ. ತೊಂದರೆ ಇಲ್ಲ, ಕಾಫಿ ನಮ್ಮನ್ನು ಕುಡಿಯುವುದಿಲ್ಲ. ಪ್ರಾಣಿಗಳು ಬಂದರೆ ಕಷ್ಟ. "ಹುಲಿ ಕೊಂದ ಬೇಟೆಗಾರ" ಅಂತ ಬರೆದರೆ ಸನ್ಮಾನದ ಹಾರ ಹಾಕಬೇಕೋ, ಶವದ ಮೇಲಿನ ಹಾರ ಹಾಕಬೇಕೋ ತಿಳಿಯುವುದಿಲ್ಲ. ನಿನ್ನ ನಾಲ್ಕನೇ ಕಥೆಯ "ಹಾವು ಹಿಡಿದ ಹುಡುಗ" ಮೂರು ಪುಟ ನನ್ನನ್ನು ಆತಂಕದಲ್ಲಿ ಇಟ್ಟಿದ್ದ. ಅವನು ಹಾವಾಡಿಗರ ಹುಡುಗ ಅಂತ ಆಮೇಲೆ ಗೊತ್ತಾಯಿತು. ಹಾವನ್ನು ಅಂತ ಬರೆದಿದ್ದರೆ ಮುಗಿಯುತ್ತಿತ್ತು.

ಶಿಶುನಾಳ ಶರೀಫರ "ಕೋಡಗನ ಕೋಳಿ ನುಂಗಿತ್ತ" ನಿನಗೆ ಬರುತ್ತೆ ಅಲ್ವಾ? ಕೋಡಗ ಅಂದರೆ ಕೋತಿ. ಕೋತಿ ಸಾಕಿದ ಕೋಳಿ ಏನನ್ನೋ ನುಂಗಿತು ಅಂತ ಚಿಕ್ಕವನಿದ್ದಾಗ ನಾನು ತಿಳಿದಿದ್ದೆ. ಏನನ್ನು ನುಂಗಿತು ಅಂತ ಮಾತ್ರ ತಿಳಿಯುತ್ತಿರಲಿಲ್ಲ! ಆಡು ಆನೆಯನ್ನು ನುಂಗುವ ಮುಂದಿನ ಸಾಲಿಗೆ ಬಂದಾಗ ದಾರಿ ಕಂಡಿತು. ಕೋಡಗನನ್ನು ಕೋಳಿ ನುಂಗಿದೆ. ಹಳಗನ್ನಡದಲ್ಲಿ ದ್ವಿತೀಯೆಗೆ, ಅಂದರೆ ಈಗ ನಾವು "ಅನ್ನು" ಹಚ್ಚುವ ಕಡೆ, "ಅಂ"; ಯಾರದು ಅಂತ ಹೇಳುವ ಷಷ್ಠಿಗೆ "ಅ". ಬಾಯಿಂದ ಬಾಯಿಗೆ ಬರುತ್ತಾ ಆ ಸೊನ್ನೆ ಉದುರಿತು, ಎರಡೂ ಒಂದೇ ಆದವು. ಶರೀಫರಿಗೆ ಬೇಕಿದ್ದದ್ದೇ ಕೇಳುಗ ತಬ್ಬಿಬ್ಬಾಗುವುದು, ಅದು ತತ್ವಪದ. ನಿನ್ನ ಕಥೆಯ ಗ್ರಾಮ ಪಂಚಾಯಿತಿ ಮೀಟಿಂಗಿಗೆ ಅದು ಬೇಡ.

ಇನ್ನೊಂದು ವಿಷಯಕ್ಕೆ ಮಾತ್ರ ನನಗೆ ನಿಜಕ್ಕೂ ಕೋಪ ಬರುತ್ತದೆ. ಮೂರನೇ ಕಥೆಯಲ್ಲಿ "ರವಿ ಅವನ ಹೆಂಡತಿಯ ಜೊತೆ ಜಾತ್ರೆಗೆ ಹೋದ" ಅಂತಿದೆ. ಯಾರ ಹೆಂಡತಿ? ಹಿಂದಿನ ಸಾಲಿನಲ್ಲಿ ಪಕ್ಕದ ಮನೆಯ ಸೋಮಣ್ಣ ಬೇರೆ ಬಂದು ಹೋಗಿದ್ದಾನೆ. ಊರಲ್ಲಿ ಪಂಚಾಯಿತಿ ಸೇರಿಸುವ ವಾಕ್ಯ ಇದು. "ತನ್ನ" ಅನ್ನುವ ಎರಡಕ್ಷರದ ಪದ ಇರುವುದೇ ಇಂಥ ಅನಾಹುತ ತಪ್ಪಿಸಲಿಕ್ಕೆ. ಇಂಗ್ಲಿಷಿನಿಂದ ತರ್ಜುಮೆ ಮಾಡಿ ಮಾಡಿ ಕೈಗೆ "ಅವನ, ಅವಳ" ಅಂಟಿಕೊಂಡಿದೆ. ಅವರ ಭಾಷೆಯಲ್ಲಿ ಈ ಸೌಕರ್ಯ ಇಲ್ಲ, ನಮ್ಮಲ್ಲಿ ಇದ್ದೂ ಬಳಸುವುದಿಲ್ಲ. ಹಾಗಂತ "ತಮ್ಮ" ಬಳಸುವಾಗ ಹುಷಾರು. "ಮ್ಯಾನೇಜರು ತಮ್ಮ ತಪ್ಪನ್ನು ಒಪ್ಪಿಕೊಂಡಿದ್ದಾರೆ" ಅಂತ ಒಬ್ಬರಿಗೆ ಕಾಗದ ಬರೆದರೆ, ಓದಿದವರು "ನನ್ನ ತಪ್ಪನ್ನು ಒಪ್ಪಿಕೊಳ್ಳಲು ಇವರು ಯಾರು" ಅಂತ ಜಗಳಕ್ಕೆ ಬಂದಾರು.

"ಕೊಳ್ಳು" ಕೂಡ ಸಣ್ಣ ಪದವಲ್ಲ. ಪುರೋಹಿತರೊಬ್ಬರ ಸನ್ಮಾನದ ಕರಪತ್ರದ ಕರಡು ಒಮ್ಮೆ ನನ್ನ ಕೈಗೆ ಬಂದಿತ್ತು. "ಶ್ರೀಯುತರು ಈವರೆಗೆ ನೂರಕ್ಕೂ ಹೆಚ್ಚು ಮದುವೆ ಮಾಡಿಕೊಂಡಿದ್ದಾರೆ." ಮಾಡಿಸಿದ್ದಾರೆ ಅಂತ ತಿದ್ದಿ ಕೊಟ್ಟೆ. ಅದೇ ಕರಡಿನ ಕೊನೆಯಲ್ಲಿ "ತಾವೆಲ್ಲರೂ ಬರಬೇಕೆಂದು ಕೇಳಿಕೊಲ್ಲುತ್ತೇವೆ" ಅಂತಲೂ ಇತ್ತು. ಲ ಮತ್ತು ಳ ವಿಷಯ ನಿನಗೆ ಹೇಳಬೇಕಾಗಿಲ್ಲ, ನಿನ್ನ ಕಾಗುಣಿತ ಗಟ್ಟಿ ಇದೆ.

"ಇಲ್ಲ" ಬಂದ ಕಡೆಯೂ ಒಂದು ಕಣ್ಣಿಡು. "ಅವನು ಅಪ್ಪನ ಹಾಗೆ ಕುಡಿಯುವುದಿಲ್ಲ" ಅಂತ ಬರೆದಿದ್ದೀಯ. ಅಪ್ಪ ಕುಡುಕನೋ, ಅಪ್ಪನೂ ಕುಡಿಯದವನೋ? ಅಥವಾ ಮಗನೂ ಕುಡಿಯುತ್ತಾನೆ, ಅಪ್ಪನಷ್ಟು ಅಲ್ಲವೋ? ಮೂರೂ ಆಗುತ್ತೆ. ಬಾಯಲ್ಲಿ ಹೇಳುವಾಗ "ಅಪ್ಪನ ಹಾಗೆ" ಮೇಲೆ ಒತ್ತು ಕೊಟ್ಟು, ಹುಬ್ಬು ಏರಿಸಿ ದಾಟಿಸಿಬಿಡುತ್ತೀಯ. ಕಾಗದಕ್ಕೆ ಹುಬ್ಬಿಲ್ಲ. "ಅಪ್ಪ ಕುಡಿಯುತ್ತಿದ್ದ. ಇವನು ಮುಟ್ಟುವುದಿಲ್ಲ" ಅಂತ ಎರಡಾಗಿ ಒಡೆ. ನೀನು ಬರೆದ ರಾತ್ರಿಯೇ ಇದು ಕಣ್ಣಿಗೆ ಬೀಳುವುದಿಲ್ಲ. ಏನು ಹೇಳಬೇಕು ಅಂತ ನಿನಗೆ ಗೊತ್ತಿರುತ್ತಲ್ಲ, ಅದೇ ಓದಿಸಿಕೊಂಡು ಹೋಗುತ್ತದೆ. ನಾನು ಕರಡನ್ನು ನಿಮ್ಮತ್ತೆಯ ಕೈಗೆ ಕೊಟ್ಟು ಓದಿಸುತ್ತೇನೆ. ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲಿ ಪೆನ್ಸಿಲಿನ ಗೆರೆ.

ನಿನ್ನ ಹಸ್ತಪ್ರತಿಯನ್ನೂ ಹಾಗೇ ಓದಿಸಿದೆ. ಹನ್ನೊಂದನೇ ಪುಟದಲ್ಲಿ ಒಂದು ಸಾಲಿಗೆ ಅವಳು ನಿಂತಳು: "ಬಿಟ್ಟುಹೋದ ಅಪ್ಪನ ಅಂಗಿ ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು." ಅಪ್ಪ ಬಿಟ್ಟುಹೋದ ಅಂಗಿಯೋ, ಮನೆಯನ್ನೇ ಬಿಟ್ಟುಹೋದ ಅಪ್ಪನ ಅಂಗಿಯೋ? ಇಷ್ಟು ಹೊತ್ತು ಹೇಳಿದ ಲೆಕ್ಕದಲ್ಲಿ ಇದೂ ತಪ್ಪೇ. ನಾನು ಗೆರೆ ಎಳೆದೆ. ಅವಳು ಇನ್ನೊಂದು ಸಲ ಓದಿದಳು. ಆಮೇಲೆ ಏನೂ ಮಾತಾಡದೆ ರಬ್ಬರು ತೆಗೆದುಕೊಂಡು ಆ ಗೆರೆ ಅಳಿಸಿದಳು.

ಆ ಸಾಲು ಹಾಗೇ ಇರಲಿ. ಬಸ್ಸಿಗೆ ಮಾತ್ರ ಉಪ್ಪಿಟ್ಟು ಕೊಡಬೇಡ.

ನಿನ್ನ,
ಮಾವ