1 ಟಿಬಿ ಅಂತ ಮಾರಿದ ಡ್ರೈವ್‌ನಲ್ಲಿ ಇರುವುದು 58 ಜಿಬಿ: ಹಣ ವಾಪಸ್ ಕೋರಿ ದೂರು

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು

ವಿಷಯ: ನಿಮ್ಮ ಆನ್‌ಲೈನ್ ತಾಣದಲ್ಲಿ ಕೊಂಡ ನಕಲಿ ಎಕ್ಸ್‌ಟರ್ನಲ್ ಡ್ರೈವ್, ಮತ್ತು "ಮಾಡಿಫೈಡ್ ಕನ್ಸೋಲ್" (ಮಾರ್ಪಡಿಸಿದ ಆಟದ ಯಂತ್ರ) ಎಂಬ ನೆಪ ಹೇಳಿ ರೀಫಂಡ್ ನಿರಾಕರಿಸಿದ ಬಗ್ಗೆ

ಮಾನ್ಯರೇ,

ನಿಮ್ಮ ತಾಣದಲ್ಲಿರುವ ಮಾರಾಟಗಾರರೊಬ್ಬರಿಂದ ನಾನು ಕೊಂಡ "1 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ" (ಅಂದರೆ 1000 ಜಿಬಿಯ ಡ್ರೈವ್) ನಕಲಿ. ಅದರಲ್ಲಿ ನಿಜಕ್ಕೂ ಇರುವ ಜಾಗ ಸುಮಾರು 58 ಜಿಬಿ. ಇದನ್ನು ಚಾಟ್‌ನಲ್ಲಿ ಹೇಳಿದ್ದೇನೆ, ಫೋನ್‌ನಲ್ಲಿ ಹೇಳಿದ್ದೇನೆ, ಮೇಲ್‌ನಲ್ಲೂ ಬರೆದಿದ್ದೇನೆ. ಎಲ್ಲಿಂದ ಶುರುವಾದರೂ ನಿಮ್ಮವರ ಮಾತು ಬಂದು ನಿಲ್ಲುವುದು ಒಂದೇ ಕಡೆ: "ಸರ್, ನೀವು ಮಾಡಿಫೈ ಮಾಡಿದ ಕನ್ಸೋಲ್‌ಗೆ ಹಾಕಿದ್ದೀರಿ, ಅದಕ್ಕೆ ವಾರಂಟಿ ಬರುವುದಿಲ್ಲ." ಕನ್ಸೋಲ್‌ಗೂ ಈ ದೋಷಕ್ಕೂ ಸಂಬಂಧವೇ ಇಲ್ಲ. ಕನ್ಸೋಲ್ ಹತ್ತಿರವೂ ತರದೆ, ಬರೀ ಲ್ಯಾಪ್‌ಟಾಪ್‌ನಲ್ಲೇ ಅದನ್ನು ತೋರಿಸಬಹುದು. ತೋರಿಸಿಯೂ ಇದ್ದೇನೆ. ಆದರೆ ಓದಿದವರು ಯಾರೂ ಇದ್ದ ಹಾಗಿಲ್ಲ. ಹಾಗಾಗಿ ಮೊದಲಿನಿಂದ ಬರೆಯುತ್ತಿದ್ದೇನೆ.

ನನ್ನ ಕನ್ಸೋಲ್ ಪ್ಲೇಸ್ಟೇಷನ್ 2 (ಪಿಎಸ್2), ಸ್ಲಿಮ್ ಮಾಡೆಲ್. "ಮಾಡಿಫೈಡ್" ಅಂದರೆ ಏನು ಅಂತ ನಿಮ್ಮ ಕಡೆಯವರಿಗೆ ಗೊತ್ತಿಲ್ಲ ಅನ್ನಿಸುತ್ತದೆ. ಅದರ ಮೆಮೊರಿ ಕಾರ್ಡ್‌ನಲ್ಲಿ ಫ್ರೀ ಎಂಸಿಬೂಟ್ ಎಂಬ, ಬೇರೆ ಪ್ರೋಗ್ರಾಂಗಳನ್ನು ತೆರೆಯಲು ಬಿಡುವ ಸಾಫ್ಟ್‌ವೇರ್ ಇದೆ, ಅಷ್ಟೇ. ಕನ್ಸೋಲ್ ಬಿಚ್ಚಿಲ್ಲ, ಚಿಪ್ ಕೂರಿಸಿಲ್ಲ. ಕಾರ್ಡ್ ಕಿತ್ತು ಪಕ್ಕಕ್ಕಿಟ್ಟರೆ ಅದು ಅಂಗಡಿಯಿಂದ ತಂದ ದಿನದ ಹಾಗೆಯೇ ನಡೆಯುತ್ತದೆ. ಕಾರ್ಡ್ ಇದ್ದಾಗ ಓಪನ್ ಪಿಎಸ್2 ಲೋಡರ್ ತೆರೆದುಕೊಳ್ಳುತ್ತದೆ. ಎಲ್ಲರೂ ಓಪಿಎಲ್ ಅನ್ನುತ್ತಾರೆ. ಅದು ಯುಎಸ್‌ಬಿ ಡ್ರೈವ್‌ನಲ್ಲಿರುವ ಆಟವನ್ನು ಓದಿ ನಡೆಸುತ್ತದೆ.

ಇದೆಲ್ಲ ಯಾಕೆ ಬೇಕು ಅಂತ ಕೇಳಬಹುದು. ಪಿಎಸ್2 ತಯಾರಿಕೆ ನಿಂತಿದ್ದು 2013ರ ಆರಂಭದಲ್ಲಿ. ಲೆನ್ಸ್‌ಗೆ ವಯಸ್ಸಾಗಿದೆ, ಡಿಸ್ಕ್‌ಗಳ ಮೇಲೆ ಗೀರು ಬಿದ್ದಿದೆ. 2009ರಲ್ಲಿ ಬಂದ 'ಹನುಮಾನ್: ಬಾಯ್ ವಾರಿಯರ್', 'ದೇಸಿ ಅಡ್ಡಾ' ಥರದ ನಮ್ಮ ದೇಶದ್ದೇ ಆಟಗಳನ್ನು ಈಗ ಹೊಸದಾಗಿ ಎಲ್ಲಿ ಕೊಳ್ಳುವುದು? ನನ್ನ ಹತ್ತಿರ ಇರುವ ಒರಿಜಿನಲ್ ಡಿಸ್ಕ್‌ಗಳಿಂದ ಇಮ್ಗ್‌ಬರ್ನ್ ಎಂಬ ಟೂಲ್ ಬಳಸಿ ಐಎಸ್‌ಒ, ಅಂದರೆ ಇಡೀ ಡಿಸ್ಕ್‌ನ ಪ್ರತಿಯಿರುವ ಫೈಲ್, ಮಾಡಿಕೊಂಡೆ. ಡಿಸ್ಕ್‌ಗಳೆಲ್ಲ ಮನೆಯಲ್ಲೇ ಇವೆ, ಬೇಕಾದರೆ ಫೋಟೊ ಕಳಿಸುತ್ತೇನೆ. ಚಾಟ್‌ನಲ್ಲಿ ನಿಮ್ಮ ಪ್ರತಿನಿಧಿಯೊಬ್ಬರು "ಪೈರಸಿ" ಅನ್ನುವ ಪದ ಬಳಸಿದರು. ಹಣ ಕೊಟ್ಟು ಕೊಂಡ ಕಂಪ್ಯೂಟರ್ ಪ್ರೋಗ್ರಾಂ ಹಾಳಾಗದಂತೆ ಬ್ಯಾಕಪ್ ಇಟ್ಟುಕೊಳ್ಳಲು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ಅವಕಾಶ ಇದೆ. ಆ ಮಾತನ್ನು ಅವರು ಹಿಂದೆ ತೆಗೆದುಕೊಂಡರೆ ಒಳ್ಳೆಯದು.

ಇನ್ನು ಡ್ರೈವ್ ವಿಷಯ. ಆ ಐಎಸ್‌ಒಗಳನ್ನು ಇದಕ್ಕೆ ಕಾಪಿ ಮಾಡಿ ಪಿಎಸ್2ಗೆ ಹಾಕಿದೆ. ಓಪಿಎಲ್‌ನಲ್ಲಿ ಆಟಗಳ ಪಟ್ಟಿ ಪೂರ್ತಿ ಬರುತ್ತಿತ್ತು. ಹೆಸರು ಸರಿ, ಕವರ್ ಚಿತ್ರ ಸರಿ. ಕೆಲವು ಆಟ ಚೆನ್ನಾಗಿ ನಡೆದವು. ಉಳಿದವನ್ನು ಒತ್ತಿದರೆ ಕಪ್ಪು ಪರದೆ, ಅಲ್ಲಿಗೆ ಮುಗಿಯಿತು. ಪಿಎಸ್2 ಬಳಸುವವರಿಗೆ ಇಂಥ ಕಪ್ಪು ಪರದೆ ಹೊಸದಲ್ಲ, ಅದಕ್ಕೆ ಕಾರಣ ಬೇಕಾದಷ್ಟಿರುತ್ತವೆ. ಒಂದೊಂದನ್ನೇ ನೋಡಿದೆ. ಡ್ರೈವ್ ಫಾರ್ಮ್ಯಾಟ್ ಮಾಡಿದ್ದ ಫ್ಯಾಟ್32 ಎಂಬ ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. 'ಗಾಡ್ ಆಫ್ ವಾರ್ 2' ಥರದ ಎರಡು ಪದರದ ಡಿವಿಡಿಯನ್ನು ಯುಎಸ್‌ಬಿಯುಟಿಲ್ ಎಂಬ ಟೂಲ್‌ನಲ್ಲಿ ತುಂಡು ಮಾಡಿ ಹಾಕಬೇಕು. ಹಾಗೇ ಹಾಕಿದ್ದೆ. ತಳ ನೀಲಿಯಾಗಿರುವ ಹಳೆಯ ಸಿಡಿ ಆಟಗಳು ಸಿಡಿ ಫೋಲ್ಡರ್‌ನಲ್ಲಿ, ಮಿಕ್ಕವು ಡಿವಿಡಿ ಫೋಲ್ಡರ್‌ನಲ್ಲಿ ಇರಬೇಕು. ಹಾಗೇ ಇದ್ದವು. ಡ್ರೈವ್‌ನ ಜಾಗ ವಿಂಗಡಿಸುವ ಪಾರ್ಟಿಷನ್ ಕೂಡ ಪಿಎಸ್2ಗೆ ಒಗ್ಗುವ ಎಂಬಿಆರ್ ಬಗೆಯದೇ. ಕೇಬಲ್ ಬದಲಾಯಿಸಿದೆ. ಎದುರಿಗಿರುವ ಎರಡೂ ಪೋರ್ಟ್‌ನಲ್ಲಿ ಹಾಕಿ ನೋಡಿದೆ. ಫೈಲ್ ಚೂರು ಚೂರಾಗಿ ಕೂತರೆ ಓಪಿಎಲ್ ತಕರಾರು ಮಾಡುತ್ತದೆ. ಅದಕ್ಕೆ ಡ್ರೈವ್ ಪೂರ್ತಿ ಒರೆಸಿ, ಒಂದು ಮುಗಿದ ಮೇಲೆ ಇನ್ನೊಂದು ಅಂತ ಆಟಗಳನ್ನು ಮತ್ತೆ ಕಾಪಿ ಮಾಡಿದೆ.

ಗುಟ್ಟು ರಟ್ಟಾಗಿದ್ದು ಇಲ್ಲೇ. ಎರಡನೇ ಸಲ ಕಾಪಿ ಮಾಡುವಾಗ ಪಟ್ಟಿಯ ಕೆಳಗಿನಿಂದ ಶುರು ಮಾಡಿದ್ದೆ. ಆಗ ಮೊದಲು ಸತ್ತಿದ್ದ ಆಟಗಳು ಎದ್ದು ಕೂತವು, ಚೆನ್ನಾಗಿ ನಡೆಯುತ್ತಿದ್ದವು ಮಲಗಿಬಿಟ್ಟವು! ಯಾವ ಆಟ ಅನ್ನುವುದಕ್ಕಿಂತ ಡ್ರೈವ್‌ಗೆ ಎಷ್ಟನೆಯದಾಗಿ ಹೋಯಿತು ಅನ್ನುವುದೇ ಮುಖ್ಯ ಅಂತ ಆಗ ಗೊತ್ತಾಯಿತು. ಮೊದಲ ಹದಿನೈದು-ಹದಿನಾರು ಆಟ ಸರಿ, ಆಮೇಲಿನದ್ದು ಒಂದೂ ಇಲ್ಲ. ಐಎಸ್‌ಒ ಕೆಟ್ಟಿದ್ದರೆ ಹೀಗಾಗುವುದಿಲ್ಲ. ಕನ್ಸೋಲ್ ಕೆಟ್ಟಿದ್ದರೂ ಹೀಗಾಗುವುದಿಲ್ಲ.

ಡ್ರೈವನ್ನು ಲ್ಯಾಪ್‌ಟಾಪ್‌ಗೆ ಹಾಕಿ, ನಡೆಯದ ಐಎಸ್‌ಒ ಒಂದನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಒಳಗಿನ ಡೇಟಾವನ್ನು ಅಂಕಿಗಳಾಗಿ ತೋರಿಸುವ ಟೂಲ್) ತೆರೆದೆ. ಪಿಎಸ್2 ಡಿಸ್ಕ್‌ನ ಐಎಸ್‌ಒ ಆದರೆ 8000 ಎಂಬ ಹೆಕ್ಸ್ ವಿಳಾಸಕ್ಕೆ ಹೋದ ಕೂಡಲೇ 'ಸಿಡಿ001' ಎಂಬ ಗುರುತು ಸಿಗುತ್ತದೆ, ಅದರ ಪಕ್ಕದಲ್ಲೇ 'ಪ್ಲೇಸ್ಟೇಷನ್' ಅಂತ ಬರೆದಿರುತ್ತದೆ. ಇಲ್ಲಿ ಆ ಜಾಗದಲ್ಲಿ 00. ಕೆಳಗೆ ಹೋದೆ, 00. ಫೈಲ್‌ನ ಕೊನೆವರೆಗೆ ಎಳೆದೆ, ಅಲ್ಲೂ 00. ಮೂರು ಜಿಬಿಗಿಂತ ಜಾಸ್ತಿ ಇರುವ ಫೈಲ್‌ನಲ್ಲಿ ಬರೀ ಸೊನ್ನೆ. ಅದೇ ಆಟವನ್ನು ನನ್ನ ಹಳೆಯ ಪೆನ್ ಡ್ರೈವ್‌ಗೆ ಹಾಕಿದರೆ ಎರಡೂ ಗುರುತು ಜಾಗದಲ್ಲೇ ಇವೆ, ಆಟವೂ ನಡೆಯುತ್ತದೆ.

ಆಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದೆ. ಇದು ಜರ್ಮನಿಯ ಕಂಪ್ಯೂಟರ್ ಪತ್ರಿಕೆಯೊಂದರವರು ಉಚಿತವಾಗಿ ಕೊಟ್ಟ ಚಿಕ್ಕ ಟೂಲ್. ಖಾಲಿ ಡ್ರೈವ್ ಪೂರ್ತಿ ಬರೆದು, ಮತ್ತೆ ಓದಿ ಹೋಲಿಸಿ ನೋಡುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಮಾರನೆಯ ದಿನವೂ ಓಡುತ್ತಲೇ ಇತ್ತು. ಕೊನೆಗೆ ಬಂದ ಫಲಿತಾಂಶ: ಸುಮಾರು 58 ಜಿಬಿ ಸರಿ, ಉಳಿದದ್ದೆಲ್ಲ ನಷ್ಟ. ಲಿನಕ್ಸ್‌ನಲ್ಲಿ ಎಫ್3 ಎಂಬ ಇನ್ನೊಂದು ಟೂಲ್‌ನಿಂದಲೂ ನೋಡಿದೆ, ಅದೂ ಅದೇ ಮಾತು ಹೇಳಿತು. ಎರಡರ ಸ್ಕ್ರೀನ್‌ಶಾಟ್ ಇದರ ಜೊತೆ ಇವೆ. ಈ ಎರಡೂ ಪರೀಕ್ಷೆ ನಡೆಯುವಾಗ ಪಿಎಸ್2 ಬೇರೆ ರೂಮಿನಲ್ಲಿತ್ತು.

ಇಂಥ ಡ್ರೈವ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರುವ ವಿಷಯವೇ. ಒಳಗೆ ಚಿಕ್ಕ ಮೆಮೊರಿ ಕಾರ್ಡ್‌ನಂಥದ್ದು ಇಡುತ್ತಾರೆ. ಡ್ರೈವ್ ನಡೆಸುವ ಕಂಟ್ರೋಲರ್ ಚಿಪ್‌ಗೆ "ಕೇಳಿದವರಿಗೆಲ್ಲ 1 ಟಿಬಿ ಅನ್ನು" ಅಂತ ಹೇಳಿಕೊಟ್ಟಿರುತ್ತಾರೆ. ಗೋಡೌನ್‌ನಲ್ಲಿ ಅರವತ್ತು ಚೀಲ ಇಟ್ಟು, ರಿಜಿಸ್ಟರ್‌ನಲ್ಲಿ ಸಾವಿರ ಬರೆದ ಹಾಗೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಇದು ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ಫಾರ್ಮ್ಯಾಟ್ ಬರೆಯುವುದು ಡ್ರೈವ್‌ನ ಶುರುವಿನಲ್ಲಿರುವ ಫೈಲ್ ಪಟ್ಟಿಯನ್ನು ಮಾತ್ರ. ಆ ಭಾಗ ನಿಜವಾದದ್ದು. ಓಪಿಎಲ್‌ನಲ್ಲಿ ಎಲ್ಲ ಆಟದ ಹೆಸರು ಸರಿಯಾಗಿ ಕಂಡದ್ದೂ ಅದಕ್ಕೇ. ಹೆಸರು ಉಳಿಯಿತು, ಮಾಲು ಗಾಳಿಗೆ ಹೋಯಿತು. ಕಾಪಿ ಮಾಡುವಾಗ ಒಂದು ಎರರ್ ಕೂಡ ಬರಲಿಲ್ಲ.

ಈಗ ನಿಮ್ಮವರ ಉತ್ತರಗಳಿಗೆ ಬರುತ್ತೇನೆ. ಮೊದಲು ಹೇಳಿದ್ದು, "1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ತೋರಿಸುವುದು ಸಹಜ." ಹೌದು, ಸಹಜ. ತಯಾರಕರ 1000ದ ಲೆಕ್ಕ ಮತ್ತು ವಿಂಡೋಸ್‌ನ 1024ರ ಲೆಕ್ಕದ ವ್ಯತ್ಯಾಸ ಅದು. ನಾನು ಕೇಳಿದ್ದು 931ರ ಬಗ್ಗೆ ಅಲ್ಲ, 58ರ ಬಗ್ಗೆ. ಆಮೇಲೆ ಹೇಳಿದ್ದು, "ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ." ನನ್ನ ವಿಂಡೋಸ್ 10ರಲ್ಲಿ ಆ ಕಿಟಕಿ 32 ಜಿಬಿಗಿಂತ ದೊಡ್ಡ ಡ್ರೈವ್‌ಗೆ ಫ್ಯಾಟ್32 ಆಯ್ಕೆಯನ್ನೇ ಕೊಡುವುದಿಲ್ಲ, ಬೇರೆ ಟೂಲ್ ಬೇಕು. ಹೇಳಿದವರು ಒಮ್ಮೆಯಾದರೂ ಮಾಡಿ ನೋಡಿದ್ದರೆ ಸುಮ್ನೆ ಹಾಗೆ ಹೇಳುತ್ತಿರಲಿಲ್ಲ, ಅಲ್ವಾ?

ಮಾರಾಟಗಾರರ ಉತ್ತರ ಇನ್ನೂ ಚೆಂದ: "ಗೇಮಿಂಗ್ ಕನ್ಸೋಲ್‌ಗೆ ಈ ಡ್ರೈವ್ ಸೂಕ್ತವಲ್ಲ." ಅವರದೇ ಜಾಹೀರಾತಿನ ಚಿತ್ರದಲ್ಲಿ ಡ್ರೈವ್‌ನ ಪಕ್ಕ ಕನ್ಸೋಲ್ ಇದೆ, "ಟಿವಿ, ಲ್ಯಾಪ್‌ಟಾಪ್, ಗೇಮ್ ಕನ್ಸೋಲ್ ಎಲ್ಲದಕ್ಕೂ" ಅಂತ ಬರೆದಿದೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಚಿತ್ರ ಬದಲಾದರೂ ತೊಂದರೆ ಇಲ್ಲ.

ಒಂದು ಮಾತು ನ್ಯಾಯವಾಗಿ ಹೇಳಿಬಿಡುತ್ತೇನೆ. ಆಟದ ನಡುವೆ ಬರುವ ವಿಡಿಯೊಗಳು ತಡೆದು ತಡೆದು ಓಡುತ್ತವೆ. ಅದರ ಬಗ್ಗೆ ನನ್ನ ದೂರಿಲ್ಲ. ಪಿಎಸ್2ರಲ್ಲಿ ಇರುವುದು ಯುಎಸ್‌ಬಿ 1.1, ಸೆಕೆಂಡಿಗೆ 12 ಮೆಗಾಬಿಟ್. ಎಷ್ಟೇ ವೇಗದ ಡ್ರೈವ್ ಹಾಕಿದರೂ ಅದು ಹಾಗೇ. ಕನ್ಸೋಲ್‌ನ ದೋಷ ಯಾವುದು, ಡ್ರೈವ್‌ನ ದೋಷ ಯಾವುದು ಅಂತ ಬೇರೆ ಮಾಡಿಯೇ ಈ ಪತ್ರ ಬರೆದಿದ್ದೇನೆ.

"ವಾಪಸ್ ಮಾಡುವ ಅವಧಿ ಮುಗಿದಿದೆ" ಅನ್ನುವುದು ನಿಮ್ಮ ಕೊನೆಯ ಉತ್ತರ. 58 ಜಿಬಿ ತುಂಬುವವರೆಗೆ ಈ ಮೋಸ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಇಂಥ ಡ್ರೈವ್‌ಗಳಿಗೆ 5 ಸ್ಟಾರ್ ಬೀಳುವುದು. ಬಂದ ದಿನವೇ ನಾಲ್ಕು ಫೋಟೊ ಹಾಕಿ "ಸೂಪರ್" ಅಂತ ಬರೆದವರು ಡ್ರೈವ್ ತುಂಬಿಸಿ ನೋಡಿರುವುದಿಲ್ಲ. ಆಟದ ಐಎಸ್‌ಒ ಕಳೆದುಕೊಂಡರೆ ನಾನು ಇನ್ನೊಮ್ಮೆ ಮಾಡಿಕೊಳ್ಳಬಹುದು. ಈ ಡ್ರೈವ್‌ಗೆ ಮದುವೆಯ ವಿಡಿಯೊ ಹಾಕಿ, ಫೋನ್‌ನಿಂದ ಅಳಿಸಿದವರು ಏನು ಮಾಡಬೇಕು? ಅವರಿಗೆ ಇನ್ನೂ ವಿಷಯವೇ ಗೊತ್ತಿರಲಿಕ್ಕಿಲ್ಲ.

2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು ನೀವು 48 ಗಂಟೆಯೊಳಗೆ ಖಚಿತಪಡಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವಸ್ತು ನಕಲಿಯಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಅದರಲ್ಲಿ ಇಲ್ಲದಿದ್ದರೆ, ಮಾರಾಟಗಾರರು ಅದನ್ನು ವಾಪಸ್ ಪಡೆಯಲು, ಹಣ ಕೊಡಲು ನಿರಾಕರಿಸುವ ಹಾಗಿಲ್ಲ ಅಂತ ಅದೇ ನಿಯಮಗಳಲ್ಲಿದೆ.

ನಾನು ಕೇಳುತ್ತಿರುವುದು ಇಷ್ಟು. ಪೂರ್ತಿ ಹಣ, ಕೊರಿಯರ್ ಖರ್ಚು ಸೇರಿಸಿ, ನಾನು ಹಣ ಕಟ್ಟಿದ ಖಾತೆಗೇ ಬರಬೇಕು. ಕೂಪನ್, ವಾಲೆಟ್ ಪಾಯಿಂಟ್ ಬೇಡ. ಬದಲಿ ಡ್ರೈವ್ ಕೂಡ ಬೇಡ, ಅದೇ ಮಾರಾಟಗಾರರಿಂದ ಅದೇ ಥರದ್ದು ಇನ್ನೊಂದು ಬಂದರೆ ಮತ್ತೆ ಇದೇ ಕತೆ. ಈ ಉತ್ಪನ್ನವನ್ನು ತಾಣದಿಂದ ತೆಗೆಯಿರಿ, ಈಗಾಗಲೇ ಕೊಂಡವರಿಗೆ ಒಂದು ಮೇಲ್ ಕಳಿಸಿ. ನನ್ನ ಆರ್ಡರ್‌ಗೆ ನಿಮ್ಮವರು ಹಾಕಿರುವ "ಗ್ರಾಹಕರ ತಪ್ಪು ಬಳಕೆ" ಎಂಬ ಷರಾ ತೆಗೆದುಹಾಕಿ.

ನಿಯಮದ ಅವಧಿಯೊಳಗೆ ಇದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಬಂದ ಮೇಲೆ ನಾನು ವಾಸವಿರುವ ಊರಿನಲ್ಲೇ ಕೇಸು ಹಾಕಬಹುದು, ನಿಮ್ಮ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ.

ಡ್ರೈವ್‌ನ ಸ್ಕ್ರೂ ನಾನು ಮುಟ್ಟಿಲ್ಲ, ಸೀಲ್ ಹಾಗೇ ಇದೆ. ಪಿಕಪ್‌ಗೆ ಬರುವವರು ಸಂಜೆ 6ರ ಮೇಲೆ ಬರಲಿ. ಅದನ್ನು ಕೊಡುವ ಮೊದಲು ಅವರೆದುರೇ ತೂಕ ಮಾಡಿ ವಿಡಿಯೊ ಮಾಡಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು

ಲಗತ್ತು: ಬಿಲ್, ಜಾಹೀರಾತು ಪುಟದ ಸ್ಕ್ರೀನ್‌ಶಾಟ್, ಎರಡು ಪರೀಕ್ಷೆಗಳ ಫಲಿತಾಂಶ, ಹೆಕ್ಸ್ ಎಡಿಟರ್‌ನ ಚಿತ್ರ, ಚಾಟ್‌ನ ಪ್ರತಿ