ಆನ್‌ಲೈನೋ, ತರಗತಿಯೋ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಅತ್ತಿಗೆಯವರು ಅಲ್ಲಿಯ ಕಮ್ಯುನಿಟಿ ಕಾಲೇಜಿಗೆ (ಅಮೆರಿಕದಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಸರ್ಕಾರಿ ಕಾಲೇಜು) ಸೇರಿ ಅಕೌಂಟಿಂಗ್ ಕಲಿಯಲು ನಿರ್ಧರಿಸಿರುವುದನ್ನು ಓದಿ ಬಹಳ ಸಂತೋಷವಾಯಿತು. ಮನೆ, ಮಕ್ಕಳ ಶಾಲೆ ಎಲ್ಲವನ್ನೂ ನಿಭಾಯಿಸಬೇಕಾದ್ದರಿಂದ ಎರಡು ವಿಷಯಗಳನ್ನೂ ಆನ್‌ಲೈನಿನಲ್ಲೇ ತೆಗೆದುಕೊಳ್ಳಲಿ ಎಂಬುದು ನಿನ್ನ ಸಲಹೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ.

ಕ್ಯಾಲಿಫೋರ್ನಿಯಾದ 116 ಕಮ್ಯುನಿಟಿ ಕಾಲೇಜುಗಳಲ್ಲಿ 2020ರ ಕೋವಿಡ್ ಕಾಲಕ್ಕೆ ಆನ್‌ಲೈನಿಗೆ ಹೋದ ಅನೇಕರು ಮತ್ತೆ ತರಗತಿಗೆ ಮರಳಲಿಲ್ಲ. ಹಗಲೆಲ್ಲ ದುಡಿದು, ಮಕ್ಕಳು ಮಲಗಿದ ಮೇಲೆ ಪುಸ್ತಕ ಹಿಡಿಯುವವರನ್ನು ಇದಕ್ಕಾಗಿ ಯಾರೂ ದೂರಬಾರದು. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ (ಕೋರ್ಸಿನ ಗಾತ್ರ ಅಳೆಯುವ ಘಟಕ) 46 ಡಾಲರ್ ಶುಲ್ಕ ಆನ್‌ಲೈನಿಗೂ ತರಗತಿಗೂ ಒಂದೇ ಆಗಿರುವುದರಿಂದ, ಹಣಕ್ಕಿಂತ ಸಮಯವೇ ಇಲ್ಲಿ ನಿರ್ಣಾಯಕ.

ಆದರೆ ಪಬ್ಲಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಆಫ್ ಕ್ಯಾಲಿಫೋರ್ನಿಯಾ ಎಂಬ ಸಂಶೋಧನಾ ಸಂಸ್ಥೆ 2014ರಲ್ಲಿ ಇದೇ ಕಾಲೇಜುಗಳ ಅಂಕಿಅಂಶ ಪರಿಶೀಲಿಸಿದಾಗ, ಆನ್‌ಲೈನ್ ಕೋರ್ಸುಗಳಲ್ಲಿ ಉತ್ತೀರ್ಣರಾಗುವ ಪ್ರಮಾಣ ತರಗತಿಯ ಕೋರ್ಸುಗಳಿಗಿಂತ 11ರಿಂದ 14 ಶೇಕಡಾಂಶದಷ್ಟು ಕಡಿಮೆಯಿತ್ತು. ಅದೇ ಅಧ್ಯಯನದಲ್ಲಿ, ಕೆಲವು ಕೋರ್ಸುಗಳನ್ನಾದರೂ ಆನ್‌ಲೈನಿನಲ್ಲಿ ಓದಿದವರು ಪದವಿ ಮುಗಿಸುವ ಅಥವಾ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಸಾಧ್ಯತೆ ಹೆಚ್ಚೆಂದೂ ಕಂಡುಬಂದಿತು. ಹಾಗಾಗಿ ಎರಡನ್ನೂ ಬೆರೆಸಿಕೊಳ್ಳುವುದೇ ಜಾಣತನವೆಂದು ನಾನು ನಂಬುತ್ತೇನೆ.

ಮೊದಲ ಅಕೌಂಟಿಂಗ್ ಕೋರ್ಸನ್ನು ಮಾತ್ರ ಅವರು ತರಗತಿಯಲ್ಲಿ ಕುಳಿತೇ ಕಲಿಯಲಿ. ಒಂದು ಉದಾಹರಣೆ ನೋಡು: ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟಾಗ, ಅಷ್ಟನ್ನೂ ಈ ತಿಂಗಳ ಖರ್ಚೆಂದು ಬರೆದುಬಿಟ್ಟರೂ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತ ಸಮವೇ ಎಂದು ನೋಡುವ ಪಟ್ಟಿ) ತಾಳೆಯಾಗುತ್ತದೆ, ತಪ್ಪಿರುವುದು ಲಾಭದ ಲೆಕ್ಕ. ಮನೆಯಲ್ಲಿ ಒಬ್ಬರೇ ಕುಳಿತವರು ತಾಳೆಯಾಯಿತೆಂದು ನೆಮ್ಮದಿಯಿಂದ ಮುಂದಿನ ಪಾಠಕ್ಕೆ ಹೋಗುತ್ತಾರೆ. ತರಗತಿಯಲ್ಲಾದರೆ ಪಕ್ಕದವರ ಹಾಳೆಯಲ್ಲಿ ಬೇರೆ ಮೊತ್ತ ಕಂಡೊಡನೆ ಏಕೆಂದು ಕೇಳುತ್ತಾರೆ, ಮೇಷ್ಟ್ರು ಬೋರ್ಡಿನ ಮೇಲೆ ಹನ್ನೆರಡು ತಿಂಗಳಿಗೆ ಭಾಗಿಸಿ ತೋರಿಸುತ್ತಾರೆ, ಆಮೇಲೆ ಅದು ಮರೆಯುವುದಿಲ್ಲ. ಹೊಸ ನಾಡಿನಲ್ಲಿ ಜೊತೆಗೆ ಓದುವ ಒಬ್ಬಿಬ್ಬರ ಪರಿಚಯವಾಗುವುದೂ ಅವರಿಗೆ ಅಷ್ಟೇ ಮುಖ್ಯ.

ಎರಡನೆಯ ವಿಷಯವನ್ನು ಆನ್‌ಲೈನಿಗೆ ಬಿಡಿ. ಅದಕ್ಕೂ ತಡಮಾಡುವಂತಿಲ್ಲ, ಏಕೆಂದರೆ ಸರ್ಕಾರಿ ವಿದ್ಯಾರ್ಥಿ ನೆರವನ್ನು ಲಪಟಾಯಿಸಲು ನಕಲಿ ಹೆಸರುಗಳಲ್ಲಿ ದಾಖಲಾಗುವವರಿಂದ ಅಲ್ಲಿಯ ಸೀಟುಗಳು ತುಂಬಿ, ನಿಜವಾದ ವಿದ್ಯಾರ್ಥಿಗಳು ಕಾಯುವ ಪಟ್ಟಿಯಲ್ಲಿ ಉಳಿಯುತ್ತಿದ್ದಾರೆ. ಸಂಜೆಯ ತರಗತಿಗಳದು ಇನ್ನೊಂದು ಕಷ್ಟ: ಸಾಕಷ್ಟು ಜನ ಸೇರದಿದ್ದರೆ ಅವು ಆರಂಭಕ್ಕೆ ಮುಂಚೆಯೇ ರದ್ದಾಗಬಹುದು. ಆದ್ದರಿಂದ ನೋಂದಣಿ ತೆರೆದ ದಿನವೇ ಹೆಸರು ಹಚ್ಚಿಸು, ಮತ್ತು ಅವರು ತರಗತಿಗೆ ಹೋಗುವ ಸಂಜೆ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಈಗಲೇ ನೀನು ವಹಿಸಿಕೊ.

ನಿನ್ನ ಗೆಳೆಯ