ಪಣಿಕ್ಕರ್ ಮತ್ತು ಬಳ್ಳಾರಿ

ಮಾನ್ಯ ಸಂಪಾದಕರೇ,

ಚೀನಾದಲ್ಲಿ ಭಾರತದ ರಾಯಭಾರಿಯಾಗಿದ್ದ ಸರ್ದಾರ್ ಕೆ.ಎಂ. ಪಣಿಕ್ಕರ್ ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪೀಕಿಂಗ್‌ನ ರಾಯಭಾರ ಕಚೇರಿಯನ್ನು ಬಿಟ್ಟು ಈಚೆಗೆ ಬರುವುದಿಲ್ಲ. 1950ರ ಅಕ್ಟೋಬರ್ 2ರ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಪಣಿಕ್ಕರ್ ಅವರನ್ನು ಕರೆಸಿಕೊಂಡು, ಕೊರಿಯಾ ಯುದ್ಧದಲ್ಲಿ ಅಮೆರಿಕದ ಪಡೆಗಳು ಉಭಯ ಕೊರಿಯಾಗಳ ಗಡಿಯಾದ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರದು ಎಂದು ತಿಳಿಸಿದ್ದು, ಆ ಎಚ್ಚರಿಕೆಯನ್ನು ವಾಷಿಂಗ್ಟನ್ ನಂಬದೇ ಹೋದದ್ದು, ಮರು ತಿಂಗಳೇ ಟಿಬೆಟಿನ ವಿಚಾರವಾಗಿ ಪಟೇಲರು ನೆಹರೂ ಅವರಿಗೆ ಬರೆದ ಪತ್ರದಲ್ಲಿ ನಮ್ಮ ರಾಯಭಾರಿಯ ನಡೆಯನ್ನು ಆಕ್ಷೇಪಿಸಿದ್ದು, ಇವೆಲ್ಲ ಮುಖ್ಯವೇ ಹೌದು. ಆದರೆ ಸಂವಿಧಾನ ಸಭೆಯಲ್ಲೂ ಮುಂದೆ ರಾಜ್ಯಸಭೆಯಲ್ಲೂ ಕುಳಿತಿದ್ದ ಈ ವಿದ್ವಾಂಸರ ವೃತ್ತಿಜೀವನದಲ್ಲಿ ನಮ್ಮ ಜಿಲ್ಲೆಗೆ ನೇರವಾಗಿ ತಟ್ಟಿದ ಒಂದು ಅಧ್ಯಾಯವಿದೆ. ಅದನ್ನು ಬಿಟ್ಟು ಅವರ ಸಾಧನೆಯನ್ನು ತೂಗುವುದು ನನಗೆ ಸರಿ ಕಾಣುವುದಿಲ್ಲ.

ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಎಚ್.ಎನ್. ಕುಂಜ್ರು ಅವರೊಂದಿಗೆ ಪಣಿಕ್ಕರ್ ಸಹ ಸದಸ್ಯರಾಗಿದ್ದರು. 1955ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗವು ರಾಯಚೂರಿನ ಕನ್ನಡ ಪ್ರದೇಶವನ್ನು, ಎಂದರೆ ತುಂಗಭದ್ರಾ ಅಣೆಕಟ್ಟೆಯ ಎಡದಂಡೆಯಲ್ಲಿರುವ, ಆಗ ರಾಯಚೂರಿನ ತಾಲ್ಲೂಕಾಗಿದ್ದ ಕೊಪ್ಪಳವನ್ನೂ, ತಾನು ಸೂಚಿಸಿದ ಕರ್ನಾಟಕ ರಾಜ್ಯಕ್ಕೆ ಸೇರಿಸಿತು. ಅದೇ ವರದಿ ತುಂಗಭದ್ರಾ ಯೋಜನೆಯ ಆಡಳಿತವನ್ನು ಮುಖ್ಯ ಕಾರಣವಾಗಿ ಮುಂದಿಟ್ಟು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಕೇವಲ ಎರಡು ವರ್ಷ ಹಿಂದೆ, ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕೆಂಬ ಬಗ್ಗೆ ನ್ಯಾಯಮೂರ್ತಿ ಮಿಶ್ರಾ ಅವರು ನಡೆಸಿದ ವಿಚಾರಣೆಯ ನಂತರ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತ್ತು. ಆ ಸಂಭ್ರಮದ ಹೊಸ್ತಿಲಲ್ಲೇ ಏಕೀಕರಣದ ಹೋರಾಟಗಾರ ಪಿಂಜಾರ ರಂಜಾನ್ ಸಾಬ್ ಪ್ರಾಣ ತೆತ್ತಿದ್ದರು. ಆ ಗಾಯ ಇನ್ನೂ ಹಸಿಯಾಗಿದ್ದ ಊರಿಗೆ ಈ ಶಿಫಾರಸು ಎಂಥ ಆಘಾತ ತಂದಿರಬೇಕು ಎಂಬುದನ್ನು ಊಹಿಸಬಹುದು.

ನನ್ನನ್ನು ಬಹಳ ಕಾಡುವ ಸಂಗತಿ ಇನ್ನೊಂದಿದೆ. ಉತ್ತರ ಪ್ರದೇಶದಂಥ ಬೃಹತ್ ರಾಜ್ಯ ಇಡಿಯಾಗಿ ಉಳಿಯಕೂಡದೆಂದು ಪಣಿಕ್ಕರ್ ಆ ವರದಿಗೇ ಪ್ರತ್ಯೇಕ ಟಿಪ್ಪಣಿ ಜೋಡಿಸಿದರು. ಸಹಸದಸ್ಯರನ್ನು ಒಪ್ಪದೆ ಬರೆಯುವ ಧೈರ್ಯ ಅವರಿಗಿತ್ತು. ಬಳ್ಳಾರಿಯ ವಿಷಯದಲ್ಲಿ ಮಾತ್ರ ಅಂಥ ಒಂದು ಸಾಲೂ ಇಲ್ಲ. ಅಣೆಕಟ್ಟೆಯ ಹೊಣೆ ಎರಡು ರಾಜ್ಯಗಳ ನಡುವೆ ಹಂಚಿಹೋಗುವ ಆತಂಕ ಅಂದಿಗೆ ಅಸಹಜವಲ್ಲ, ಇದನ್ನು ಒಪ್ಪುತ್ತೇನೆ. ಆದರೆ ಅದಕ್ಕೆಂದೇ ತುಂಗಭದ್ರಾ ಮಂಡಳಿ ಆಗಲೇ ಇತ್ತು. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗಲೂ ಆ ಮಂಡಳಿಯ ವ್ಯವಸ್ಥೆಯಲ್ಲಿಯೇ ತುರ್ತು ಕೆಲಸ ನಡೆದು ನೀರು ಉಳಿಯಿತೇ ಹೊರತು, ಅದಕ್ಕಾಗಿ ಯಾವ ತಾಲ್ಲೂಕಿನ ಗಡಿಯನ್ನೂ ಕದಲಿಸಬೇಕಾಗಲಿಲ್ಲ.

ಕೇಂದ್ರ ಸರ್ಕಾರ ಆ ಶಿಫಾರಸನ್ನು ಕೈಬಿಟ್ಟಿತು. 1956ರ ನವೆಂಬರ್ 1ರಂದು ಬಳ್ಳಾರಿ ಮೈಸೂರಿನಲ್ಲಿಯೇ ಉಳಿಯಿತು. ಪಣಿಕ್ಕರ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1963ರ ಡಿಸೆಂಬರಿನಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರನ್ನು ಕನ್ನಡದ ವೈರಿಯೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಪ್ರತಿ ನವೆಂಬರಿನಲ್ಲಿ ಏಕೀಕರಣದ ಭಾಷಣಗಳನ್ನು ಏರ್ಪಡಿಸುವ ಇಲ್ಲಿನ ಕಾಲೇಜುಗಳು ಆಯೋಗದ ವರದಿಯಲ್ಲಿ ಬಳ್ಳಾರಿಯನ್ನು ಕುರಿತ ಪುಟಗಳನ್ನು ಕನ್ನಡಕ್ಕೆ ತಂದು, ವಿದ್ಯಾರ್ಥಿಗಳ ಕೈಗಿತ್ತು ಓದಿಸಲಿ ಎಂಬುದಷ್ಟೇ ನನ್ನ ವಿನಂತಿ.

— ನಿವೃತ್ತ ಇತಿಹಾಸ ಉಪನ್ಯಾಸಕ, ಬಳ್ಳಾರಿ